ಎದುರುಮನೆಯ ಮಿಷನ್

ಗಡಿಯಾಚೆ ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಓಣಿಗಳು ಬೇಕಾದಷ್ಟಿವೆ. ಕೋಟೆ ಗುಡ್ಡದ ಬುಡದಲ್ಲಿರುವ ಒಂದು ಓಣಿಯಲ್ಲಿ ಮಾತ್ರ, ಪ್ಯಾಂಟಿನ ಸೊಂಟದ ಪಟ್ಟಿ ಕೂರಿಸಬೇಕೆಂದರೆ ತಿಪ್ಪಕ್ಕನೇ ಆಗಬೇಕು ಎಂಬ ಮಾತು ಬಹಳ ವರ್ಷ ನಡೆದುಕೊಂಡು ಬಂದಿತ್ತು. ಆ ಪಟ್ಟಿಗೆ ಅಲ್ಲಿಯವರು ಬೆಲ್ಟು ಎನ್ನುತ್ತಾರೆ. ಜೇಬು ಯಾರು ಬೇಕಾದರೂ ಹೊಲಿದಾರು, ಕಾಲು ಯಾರು ಬೇಕಾದರೂ ಕೂಡಿಸಿಯಾರು. ಬೆಲ್ಟು ಮಾತ್ರ ಸ್ವಲ್ಪ ಎಳೆದರೆ ಸುಕ್ಕು, ಸ್ವಲ್ಪ ಬಿಟ್ಟರೆ ಜೋಲು. ಹೊಸ ಹೆಂಗಸರು ಕೆಡಿಸಿಟ್ಟ ಬಂಡಲ್ಲುಗಳನ್ನು ಸಾಹುಕಾರ ರೇವಣಸಿದ್ದಯ್ಯ ತಿಪ್ಪಕ್ಕನ ಮನೆಗೆ ಕಳಿಸುತ್ತಿದ್ದ. “ಒಂಚೂರು ನೋಡವ್ವ” ಎಂದು ಹೇಳಿ ಕಳಿಸುತ್ತಿದ್ದ. ಆ ಒಂದು ಮಾತಿಗೆ ತಿಪ್ಪಕ್ಕ ಉಣ್ಣುವ ತಟ್ಟೆ ಪಕ್ಕಕ್ಕೆ ಸರಿಸಿ ಮಿಷನ್ ಮುಂದೆ ಕೂರುತ್ತಿದ್ದಳು.

ಅವಳು ಹುಟ್ಟಿದ್ದು ಗುಮ್ಮಘಟ್ಟದ ಕಡೆ, ಕುರಿ ಸಾಕುವವರ ಮನೆಯಲ್ಲಿ. ಮದುವೆಯಾಗುವವರೆಗೆ ಮಂದೆಯ ಹಿಂದೆ ತಿರುಗಿದ ಕಾಲುಗಳು ಅವಳವು. ಗಂಡ ಯರ್ರಿಸ್ವಾಮಿ ಗುಮ್ಮಘಟ್ಟಕ್ಕೂ ರಾಯದುರ್ಗಕ್ಕೂ ಸೀಟಿಗಿಷ್ಟೆಂದು ಜನ ಕೂರಿಸುವ ಆಟೋ ಓಡಿಸುತ್ತಿದ್ದ. ಅವನ ಜೊತೆ ಪೇಟೆಗೆ ಬಂದವಳು ರೇವಣಸಿದ್ದಯ್ಯನ ಕಾರ್ಖಾನೆಯಲ್ಲಿ ನೆಲದ ಮೇಲೆ ಕುಳಿತು ದಾರದ ತುದಿ ಕತ್ತರಿಸುವ ಕೆಲಸದಿಂದ ಶುರು ಮಾಡಿದಳು. ಮಿಷನ್ನಿನವರು ಎದ್ದು ಊಟಕ್ಕೆ ಹೋದಾಗ ಖಾಲಿ ಪೀಠದಲ್ಲಿ ಕುಳಿತು ಚಿಂದಿಯ ಮೇಲೆ ಹೊಲಿಗೆ ಹಾಕಿ ನೋಡುತ್ತಿದ್ದಳು. ಯಾರೂ ಕಲಿಸಲಿಲ್ಲ. ಬೈದವರೇ ಹೆಚ್ಚು. ಹಾಗೆ ಕಲಿತದ್ದರಿಂದಲೋ ಏನೋ, ತನ್ನ ಕೈಕೆಲಸದ ಬಗ್ಗೆ ಅವಳಿಗೆ ಒಡವೆಯ ಬಗ್ಗೆ ಇರುವಂಥ ಅಕ್ಕರೆಯಿತ್ತು. ಬೆರಳ ಸಂದಿನಲ್ಲಿ ಹತ್ತಿಕೊಂಡ ನೀಲಿಯನ್ನು ಅವಳು ಎಂದೂ ಉಜ್ಜಿ ತೊಳೆದವಳಲ್ಲ. ನೆಂಟರ ಮದುವೆಗೆ ಹೋದಾಗ ಆ ನೀಲಿ ಕಾಣುವಂತೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು.

ಎದುರುಮನೆಗೆ ಗಂಗೋತ್ರಿ ಮದುವೆಯಾಗಿ ಬಂದದ್ದು ಹೀಗಿರುವಾಗ. ತವರು ಹೇಮಾವತಿ ಎಂಬ ಊರಿನ ಹತ್ತಿರ, ಮಡಕಶಿರಾ ಸೀಮೆ. ಗಂಡ ಸಿದ್ದರಾಮೇಶ್ ಮಂಡಿಯಲ್ಲಿ ಮೂಟೆ ಹೊರುವವನು. ಬಂದ ಹೊಸದರಲ್ಲಿ ಓಣಿಯವರಿಗೆಲ್ಲ ಅವಳ ಮಾತೇ ಒಂದು ಆಟವಾಯಿತು. ಇವರು “ಬರ್ರಿ” ಎಂದರೆ ಅವಳು “ಬತ್ತೀನಿ ಕಣಕ್ಕ” ಎನ್ನುತ್ತಿದ್ದಳು. ನಕ್ಕವರ ಜೊತೆ ತಾನೂ ನಗುತ್ತಿದ್ದಳು. ಒಂದು ದಿನ ತಿಪ್ಪಕ್ಕನ ಹೊಸ್ತಿಲ ಮೇಲೆ ಬಂದು ಕುಳಿತು, “ಅಕ್ಕ, ಮನೇಲಿ ಸುಮ್ಮನೆ ಕುಂತು ಕುಂತು ಬೇಜಾರಾಗೈತೆ. ನಂಗೂ ಒಂದೀಟು ಹೊಲಿಯೋದ ಹೇಳ್ಕೊಡು” ಎಂದಳು.

ತಿಪ್ಪಕ್ಕನಿಗೆ ಹಿಗ್ಗಾಯಿತು. ತನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. “ಬಾ ತಂಗಿ, ಅದೇನ್ ದೊಡ್ಡ ವಿದ್ಯಾನಾ” ಎಂದು ಕೂರಿಸಿಕೊಂಡು ಜೇಬು ಕಲಿಸಿದಳು, ಜಿಪ್ಪು ಕಲಿಸಿದಳು, ಬೆಲ್ಟು ಕೂರಿಸುವುದನ್ನೂ ಕಲಿಸಿದಳು. ಒಂದನ್ನು ಮಾತ್ರ ಹೇಳಲಿಲ್ಲ. ಬೆಲ್ಟಿನ ತುದಿ ಗುಂಡಿಯ ಹತ್ತಿರ ಉಬ್ಬದಂತೆ ಮಡಚುವ ಒಂದು ರೀತಿಯಿದೆ. ಅದನ್ನು ಮಾಡುವಾಗ ತಿಪ್ಪಕ್ಕ ಸ್ವಲ್ಪ ಬಗ್ಗಿ ಕೂರುತ್ತಿದ್ದಳು, ಅವಳ ಬೆನ್ನು ಅಡ್ಡ ಬರುತ್ತಿತ್ತು. ಬೇಕೆಂದೇ ಮಾಡಿದೆನೆಂದು ಅವಳು ತನಗೆ ತಾನೂ ಒಪ್ಪಿಕೊಂಡಿರಲಿಲ್ಲ.

ಗಂಗೋತ್ರಿಯೂ ಹಳೆಯ ಕಾಲ್ಮಿಷನ್ ಒಂದನ್ನು ತಂದಿಟ್ಟುಕೊಂಡು ಸಾಹುಕಾರನ ಕೆಲಸ ಹಿಡಿದಳು. ಸ್ವಲ್ಪ ಕಾಲ ಅವಳ ಬೆಲ್ಟುಗಳ ತುದಿಗಳು ಉಬ್ಬಿಕೊಂಡೇ ಬಂದವು. ಆಮೇಲೆ ಒಂದು ಬೆಳಗ್ಗೆ ಅವಳು ಕುಣಿಯುತ್ತ ಓಡಿಬಂದು ಒಂದು ಪ್ಯಾಂಟನ್ನು ಮುಂದೆ ಹಿಡಿದಳು. “ನೋಡಕ್ಕ, ಬಂದ್ಬುಡ್ತು! ನಮ್ಮನೇರ ಹಳೇ ಪ್ಯಾಂಟ ಬಿಚ್ಚಿ ನೋಡ್ದೆ. ಒಳಗಡೀಕೆ ಮಡುಚ್ಬೇಕು, ಅಷ್ಟೇ!”

ತಿಪ್ಪಕ್ಕ ಪ್ಯಾಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ತುದಿ ಸಪಾಟಾಗಿ ಕುಳಿತಿತ್ತು. “ಚಲೋ ಆಗೇತಿ” ಎಂದಳು. ಹೊಟ್ಟೆಯೊಳಗೆ ಏನೋ ಚುರ್ರೆಂದಿತು. ಅದು ಮೊದಲ ಸಲ.

ಅಲ್ಲಿಂದ ಮುಂದೆ ಅದು ಆರಲೇ ಇಲ್ಲ. ಬಂಡಲ್ ಒಪ್ಪಿಸಲು ಇಬ್ಬರೂ ಕಾರ್ಖಾನೆಗೆ ಹೋದ ದಿನ ರೇವಣಸಿದ್ದಯ್ಯ ಎಲ್ಲರೆದುರು, “ತಿಪ್ಪಕ್ಕ, ನಿನ್ನ ಶಿಷ್ಯೆ ನಿನ್ನ ಮೀರಸ್ತಾಳ ನೋಡು” ಎಂದು ನಕ್ಕ. ತಿಪ್ಪಕ್ಕನೂ ನಕ್ಕಳು. ಮನೆಗೆ ಬಂದು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಉಣ್ಣುತ್ತಾ ಯರ್ರಿಸ್ವಾಮಿ ಏನೂ ತಿಳಿಯದೆ, “ಆ ಹುಡುಗಿ ಕೈ ಬಾಳ ಚುರುಕು ಐತಿ ಬಿಡು, ಆಟೋದಾಗ ಎಲ್ಲಾರೂ ಅದನ್ನ ಮಾತಾಡ್ತಿದ್ರು” ಎಂದ.

“ಹಂಗಾದ್ರ ಅಕೀ ಮನೀಗೇ ಹೋಗಿ ಉಣ್ಣು” ಎಂದು ತಿಪ್ಪಕ್ಕ ಎದ್ದುಹೋದಳು. ಅವನು ಉಪ್ಪಿನ ಡಬ್ಬಿಯನ್ನು ತಾನೇ ಹುಡುಕಿಕೊಂಡ.

ಎದುರುಮನೆಯಲ್ಲಿ ನಡೆಯುವುದೆಲ್ಲ ಅವಳ ಕಣ್ಣಿಗೆ ಬೀಳತೊಡಗಿತು. ಸಿದ್ದರಾಮೇಶ್ ಮಂಡಿಯಿಂದ ಬರುವಾಗ ಎಲೆಯಲ್ಲಿ ಕಟ್ಟಿದ ಹೂವು ತರುವುದು. ನೀರು ಬಿಟ್ಟ ದಿನ ಬಿಂದಿಗೆಗಳನ್ನು ಅವನೇ ಹೊತ್ತು ಒಳಗಿಡುವುದು. ಗಂಗೋತ್ರಿ ಒಗೆದ ಬಟ್ಟೆ ಹರವುತ್ತಾ ಯಾವುದೋ ಪದ ಗುನುಗುವುದು. ಯರ್ರಿಸ್ವಾಮಿ ಕೆಟ್ಟವನೇನಲ್ಲ. ಆದರೆ ಅವನು ಬಿಂದಿಗೆ ಎತ್ತಿದವನಲ್ಲ, ಹೂವು ತಂದವನಲ್ಲ. ಇಷ್ಟು ವರ್ಷ ಅದೊಂದು ಕೊರತೆಯೆಂದು ಅನಿಸಿರಲೂ ಇಲ್ಲ. ಈಗ ಅನಿಸಿತು.

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಸಾಮಾನು ಸಾಗಿಸುವ ಆಟೋ ಬಂದು ಗಂಗೋತ್ರಿಯ ಬಾಗಿಲಲ್ಲಿ ನಿಂತಿತು. ಅವಳ ಅಣ್ಣ ರಾಮಾಂಜಿ ಮಡಕಶಿರಾದಿಂದ ಒಂದು ಪವರ್ ಮಿಷನ್ ತಂದಿದ್ದ. ಕರೆಂಟಿನ ಮೇಲೆ ಓಡುವ ಮಿಷನ್ ಆ ಓಣಿಯ ಯಾವ ಮನೆಯಲ್ಲೂ ಇರಲಿಲ್ಲ. ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ಸುತ್ತುಗಟ್ಟಿದರು. ಗಂಗೋತ್ರಿ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದಳು. ಆಮೇಲೆ ಎಲ್ಲರನ್ನೂ ಬಿಟ್ಟು ತಿಪ್ಪಕ್ಕನ ಕೈ ಹಿಡಿದು ಎಳೆದಳು. “ಮೊದ್ಲು ನೀನೇ ಒಂದು ಹೊಲಿಗೆ ಹಾಕಕ್ಕ. ನೀನಲ್ವಾ ಕಲಿಸಿದ್ದು.”

ತಿಪ್ಪಕ್ಕ ಕೂತಳು. ಅವಳಿಗೆ ಕಾಲಿನಿಂದ ತುಳಿಯುವ ಮಿಷನ್ ಮಾತ್ರ ರೂಢಿ. ಕಾರ್ಖಾನೆಯಲ್ಲಿ ಪವರ್ ಮಿಷನ್ ಬರುವ ಹೊತ್ತಿಗೆ ಅವಳು ಮನೆಯಲ್ಲಿ ಹೊಲಿಯತೊಡಗಿದ್ದಳು. ಹಲಗೆಯ ಮೇಲೆ ಕಾಲಿಟ್ಟದ್ದೇ ತಡ, ಮಿಷನ್ ಗುರ್ರೆಂದು ಬಟ್ಟೆಯನ್ನು ಎಳೆದುಕೊಂಡು ಹೋಯಿತು. ಹೊಲಿಗೆ ವಕ್ರವಾಗಿ ಬಟ್ಟೆಯಿಂದಾಚೆ ಬಿತ್ತು. ಹೆಂಗಸರು ಗೊಳ್ಳೆಂದು ನಕ್ಕರು.

“ನಾನು ಕೂತ್ರೂ ಹಂಗೇ ಓಡ್ತದೆ ಕಣಕ್ಕ, ಒಂದೆರಡು ದಿನ ಅಷ್ಟೇಯ” ಎಂದು ಗಂಗೋತ್ರಿ ಸಮಾಧಾನ ಹೇಳಿದಳು. ನಕ್ಕವರನ್ನು ತಿಪ್ಪಕ್ಕ ಅಲ್ಲೇ ಮರೆತಳು. ಆ ಸಮಾಧಾನದ ಮಾತನ್ನು ಮರೆಯಲಿಲ್ಲ. ತಲೆ ಬಗ್ಗಿಸಿ ಏಳುವಾಗ ಮಿಷನ್ನಿನ ಮೈಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದು ಅವಳ ಕಣ್ಣಿಗೆ ಬಿತ್ತು. ನಂಬರಿನ ತಗಡು ಇರಬೇಕಾದ ಜಾಗದಲ್ಲಿ ಬರೀ ಎರಡು ತೂತುಗಳಿದ್ದವು.

ಆ ಮಿಷನ್ ಬಂದ ಮೇಲೆ ಬೆಲ್ಟಿನ ಬಂಡಲ್ಲುಗಳು ನೇರ ಎದುರುಮನೆಗೆ ಹೋಗತೊಡಗಿದವು. ರೇವಣಸಿದ್ದಯ್ಯ ತಿಪ್ಪಕ್ಕನಿಗೆ ಜೇಬುಗಳನ್ನು ಕಳಿಸಿದ. “ವಯಸ್ಸಾತು, ಹಗುರ ಕೆಲ್ಸ ಮಾಡ್ಲಿ” ಎಂದನಂತೆ. ಬೆಳಗಿನಿಂದ ಸಂಜೆಯವರೆಗೆ ಎದುರುಮನೆಯಿಂದ ಗುರ್ರ್ ಸದ್ದು ಬರುತ್ತಿತ್ತು. ಅದು ನಿಂತಾಗ ಯಾಕೆ ನಿಂತಿತೆಂದು ತಿಪ್ಪಕ್ಕ ಕಿವಿ ನಿಮಿರಿಸುತ್ತಿದ್ದಳು. ಮತ್ತೆ ಶುರುವಾದಾಗ ಹಲ್ಲು ಕಚ್ಚುತ್ತಿದ್ದಳು. ಕರೆಂಟು ಹೋದ ದಿನ ಮಾತ್ರ ಅವಳ ಮುಖ ಬೆಳಗುತ್ತಿತ್ತು. ಆಗ ತನ್ನ ಕಾಲ್ಮಿಷನ್ನನ್ನು ಬಾಗಿಲ ಹತ್ತಿರ ಎಳೆದುಕೊಂಡು, ಸದ್ದು ಕೇಳಿಸುವಂತೆ ಜೋರಾಗಿ ತುಳಿಯುತ್ತಿದ್ದಳು.

ದೀಪಾವಳಿಗೆ ಮುಂಚೆ ಕೆಲಸ ಜಾಸ್ತಿಯಾಯಿತೆಂದು ರೇವಣಸಿದ್ದಯ್ಯ ಬೇಸಿಗೆಯಿಂದ ಬೀಗ ಹಾಕಿಟ್ಟಿದ್ದ ಹಿಂದಿನ ಶೆಡ್ಡನ್ನು ತೆರೆಸಿದ. ಮೇಲಿನ ತಗಡೊಂದು ಸರಿದಿತ್ತು. ಒಳಗಿದ್ದ ಎರಡು ಪವರ್ ಮಿಷನ್ನುಗಳು ಕಾಣೆಯಾಗಿದ್ದವು, ದಾರ ಸುತ್ತಿದ ಕೋನುಗಳ ಚೀಲಗಳೂ ಇರಲಿಲ್ಲ. ಯಾವಾಗ ಹೋದವು, ಯಾರು ಒಯ್ದರು, ಯಾರಿಗೂ ಗೊತ್ತಿಲ್ಲ. ಕಂಪ್ಲೇಂಟು ಕೊಟ್ಟ ಮೇಲೆ ಹೆಡ್ ಕಾನ್‌ಸ್ಟೇಬಲ್ ಒಬ್ಬ ಬಂದು ಕಾರ್ಖಾನೆಯ ಹೊರಗೆ ಕುರ್ಚಿ ಹಾಕಿಕೊಂಡು ಕೆಲಸದವರನ್ನು ಒಬ್ಬೊಬ್ಬರನ್ನೇ ಕೇಳಿದ. ತಿಪ್ಪಕ್ಕನ ಸರದಿಯೂ ಬಂತು.

“ಏಮ್ಮಾ, ಮೀಕು ಏಮನ್ನಾ ತೆಲುಸಾ?” ಎಂದು ತೆಲುಗಿನಲ್ಲೇ ವಿಚಾರಿಸಿದ, ಏನಾದರೂ ಗೊತ್ತೇ ಎಂದು.

“ನನಗೇನ್ ಗೊತ್ರಿ ಸಾರ್” ಎಂದು ತಿಪ್ಪಕ್ಕ ಹೊರಟವಳು ನಿಂತಳು. ಬಾಯಿ ತಾನಾಗಿ ಆಡಿದಂತೆ ಆಡಿತು. “ನಾ ಯಾರ ಮ್ಯಾಲೂ ಹೇಳಂಗಿಲ್ರಿ. ನಮ್ಮ ಎದ್ರು ಮನ್ಯಾಗ ಒಂದು ಪವರ್ ಮಿಷನ್ ಬಂದೈತಿ. ಹೊಸಾ ಬಣ್ಣ ಬಳದಾರ. ನಂಬರಿನ ತಗಡಿಲ್ಲ. ಎಲ್ಲಿಂದ ಬಂತೋ ಏನೋ, ನಮಗ್ಯಾಕ ಬೇಕ್ರಿ.”

ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ತನಗೆ ತಾನೇ ಅದನ್ನೇ ಹೇಳಿಕೊಂಡಳು.

ಮರುದಿನ ಬೆಳಗ್ಗೆ ಪೋಲೀಸರು ಬಂದರು. ಹೆಡ್ ಕಾನ್‌ಸ್ಟೇಬಲ್ಲಿನ ಜೊತೆ ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಇದ್ದಳು. ತಿಪ್ಪಕ್ಕ ತನ್ನ ಬಾಗಿಲನ್ನು ಅರ್ಧ ಮುಚ್ಚಿ ಸಂದಿಯಲ್ಲಿ ನಿಂತಳು. ಎಲ್ಲ ಕೇಳಿಸುತ್ತಿತ್ತು.

“ಈ ಮಿಷನ್ ಎಲ್ಲಿಂದ ಬಂತು?” ಹೆಡ್ ಕಾನ್‌ಸ್ಟೇಬಲ್ ಈ ಸಲ ಕನ್ನಡದಲ್ಲೇ ಕೇಳಿದ.

“ನಮ್ಮಣ್ಣ ತಂದ್ಕೊಟ್ಟಿದ್ದು ಸಾರ್. ಮಡಕಶಿರಾದಿಂದ.”

“ಅವನಿಗೆ ಯಾರು ಕೊಟ್ರು?”

“ಯಾರೋ ಅಂಗಡಿ ಮುಚ್ಚಿದೋರಂತೆ. ಹಳೇದು.”

“ಯಾರೋ ಅಂದ್ರ? ಬಿಲ್ಲು ಐತೇನು?”

ಗಂಗೋತ್ರಿ ಗಂಡನ ಮುಖ ನೋಡಿದಳು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಹೆಡ್ ಕಾನ್‌ಸ್ಟೇಬಲ್ ತಗಡಿಲ್ಲದ ಜಾಗವನ್ನು ಬೆರಳಿನಿಂದ ಸವರಿ, ಉಗುರಿನಿಂದ ಬಣ್ಣ ಕೆರೆದು ನೋಡಿದ. ಒಳಗೆ ತುಕ್ಕು ಬಿಟ್ಟರೆ ಏನೂ ಇರಲಿಲ್ಲ.

“ಕದ್ದಿಲ್ಲ ಸಾರ್ ನಾವು, ದೇವ್ರಾಣೆ” ಎಂದ ಸಿದ್ದರಾಮೇಶ್.

“ಕದ್ದೀರಿ ಅಂತ ನಾನೂ ಅಂದಿಲ್ಲಪ್ಪ. ಕಳವಿನ ಮಾಲು ಇರಬಹುದು ಅಂತ ಅನುಮಾನ ಐತಿ. ಅಷ್ಟಿದ್ರ ನಾವು ಇದನ್ನ ಒಯ್ಯಬಹುದು, ನಿಮ್ಮನ್ನೂ ಕೇಳಬಹುದು. ಎಲ್ಲಿಂದ ಬಂತು ಅಂತ ಸರಿಯಾಗಿ ಹೇಳ್ರಿ, ಬಿಡ್ತೀವಿ.”

ರೇವಣಸಿದ್ದಯ್ಯನನ್ನು ಕರೆಸಿ ತೋರಿಸಿದರು. ಅವನು ಮಿಷನ್ನಿನ ಸುತ್ತ ತಿರುಗಿದ. ಎಲ್ಲ ಮಿಷನ್ನುಗಳೂ ಅವನಿಗೆ ಒಂದೇ ಥರ ಕಂಡವು. “ನಮ್ಮದು ಇರಬಹುದು, ಇರಲಿಕ್ಕೂ ಇಲ್ಲ” ಎಂದ. ಆ ಮಾತಿಗೆ ಮಿಷನ್ ಆಟೋ ಹತ್ತಿತು. ಅಣ್ಣ ಬಂದು ಲೆಕ್ಕ ಒಪ್ಪಿಸುವವರೆಗೆ ಇರಲಿ ಎಂದು ಸಿದ್ದರಾಮೇಶನನ್ನೂ ವಿಚಾರಣೆಗೆ ಕರೆದುಕೊಂಡು ಹೋದರು.

ಓಣಿ ಮೌನವಾಯಿತು. ತಿಪ್ಪಕ್ಕ ಇಷ್ಟು ದಿನ ಬಯಸಿದ್ದ ಮೌನ ಅದೇ. ಒಲೆಯ ಮುಂದೆ ಕುಳಿತು ಅವಳು ತನ್ನ ಖುಷಿಗಾಗಿ ಕಾದಳು. ಇನ್ನೂ ಕಾಯುತ್ತಿರುವಾಗಲೇ ಬಾಗಿಲು ತಳ್ಳಿಕೊಂಡು ಗಂಗೋತ್ರಿ ಒಳಗೆ ಬಂದಳು. ಬಂದವಳೇ ತಿಪ್ಪಕ್ಕನ ತೊಡೆಯ ಮೇಲೆ ತಲೆಯಿಟ್ಟು ಅಳತೊಡಗಿದಳು. “ಯಾರೋ ಹೊಟ್ಟೇಲಿ ವಿಷ ಇಟ್ಕಂಡು ಹೇಳವ್ರೆ ಅಕ್ಕ. ಪಾಪ ಅವ್ರು, ಬೆಳಗ್ಗೆಯಿಂದ ಒಂದು ಗುಟುಕು ಕಾಫಿನೂ ಕುಡ್ದಿಲ್ಲ.”

ಅವಳ ತಲೆ ಸವರುತ್ತಿದ್ದರೂ ತಿಪ್ಪಕ್ಕನ ಮನಸ್ಸು ಎಲ್ಲೋ ಇತ್ತು. ಪೋಲೀಸರ ಜೊತೆ ಹೋಗುವಾಗ ಸಿದ್ದರಾಮೇಶ್ ತಿರುಗಿ ನಿಂತು, “ನೀ ಅಳಬ್ಯಾಡ, ಉಂಡು ಮಲಕ್ಕೋ” ಎಂದು ಹೆಂಡತಿಗೆ ಹೇಳಿದ್ದು ಅವಳ ಕಿವಿಯಲ್ಲಿತ್ತು. ನನ್ನ ಗಂಡನನ್ನು ಎಳೆದೊಯ್ದಿದ್ದರೆ ಅವನು ನನಗೆ ಏನು ಹೇಳುತ್ತಿದ್ದ? ಆಟೋದ ಬೀಗದ ಕೈ ಎಲ್ಲಿದೆ ನೋಡು ಎನ್ನುತ್ತಿದ್ದ. ಇಷ್ಟೆಲ್ಲ ಆದರೂ, ಇವಳ ಮಿಷನ್ ಹೋದರೂ, ಇವಳಲ್ಲಿ ಇನ್ನೂ ಏನೋ ಉಳಿದಿದೆಯಲ್ಲ ಎಂದು ತಿಪ್ಪಕ್ಕನಿಗೆ ಅನ್ನಿಸಿತು. ತನ್ನ ಬಗ್ಗೆ ತನಗೇ ಹೆದರಿಕೆಯಾಯಿತು.

ಮಾರನೆಯ ಬೆಳಗ್ಗೆ ಬೆಲ್ಟಿನ ಬಂಡಲ್ಲುಗಳು ತಿಪ್ಪಕ್ಕನ ಮನೆಗೆ ವಾಪಸು ಬಂದವು. ಅವಳು ಅವನ್ನು ಬಿಚ್ಚುವ ಹೊತ್ತಿಗೆ ಪೋಲೀಸರು ಮತ್ತೆ ಓಣಿಗೆ ಬಂದರು. ದಾರದ ಕೋನುಗಳೂ ಹೋಗಿವೆಯಲ್ಲ, ಹೊಲಿಯುವವರ ಮನೆಗಳನ್ನೆಲ್ಲ ನೋಡುತ್ತೇವೆ ಎಂದರು. ಮೊದಲ ಮನೆಯೇ ತಿಪ್ಪಕ್ಕನದು. ಮಹಿಳಾ ಕಾನ್‌ಸ್ಟೇಬಲ್ ಅಟ್ಟ ಹತ್ತಿ ಒಂದು ಗೋಣಿಚೀಲ ಇಳಿಸಿದಳು. ಅರ್ಧ ಮುಗಿದ ಕೋನುಗಳು, ಮುಟ್ಟದೇ ಇದ್ದ ಕೆಲವು ಕೋನುಗಳು, ಜಿಪ್ಪುಗಳು, ತಾಮ್ರದ ಬಣ್ಣದ ಗುಂಡಿಗಳು, ಗಂಡನ ಮನೆಯಲ್ಲಿರುವ ಮಗಳ ಬಾಣಂತನಕ್ಕೆಂದು ಕೌದಿ ಹೊಲಿಯಲು ಕೂಡಿಟ್ಟಿದ್ದ ಜೀನ್ಸಿನ ತುಂಡುಗಳು ನೆಲದ ಮೇಲೆ ಬಿದ್ದವು.

“ಇದೆಲ್ಲ ಎಲ್ಲಿಂದ ಬಂತು?” ಎಂದ ಹೆಡ್ ಕಾನ್‌ಸ್ಟೇಬಲ್.

ಅದೇ ಪ್ರಶ್ನೆ, ಅದೇ ದನಿ.

“ಕೆಲ್ಸದಾಗ ಉಳಿದದ್ದುರಿ.”

“ಉಳಿದದ್ದು ಅಂದ್ರ ಯಾರದ್ದು?”

“ಸಾವ್ಕಾರ್ರದು... ನಂದೂ ಅನ್ರಿ. ಎಲ್ಲಾರೂ ಇಟ್ಕೊಂತೀವ್ರಿ.”

“ಎಲ್ಲಾರದೂ ಆಮೇಲೆ ನೋಡೋಣ. ನಿಂದು ಹೇಳು. ಸಾಹುಕಾರ ಕೊಟ್ಟಾನ?”

ಕೊಟ್ಟನೆಂದರೆ ಅವನನ್ನು ಕೇಳುತ್ತಾರೆ. ಕೊಡಲಿಲ್ಲವೆಂದರೆ ಕದ್ದಂತೆ. ಬಂಡಲ್ ಕೊಡುವಾಗ ಒಂದು ಕೋನು ಜಾಸ್ತಿ ಹಾಕುವುದು, ಉಳಿದದ್ದನ್ನು ಯಾರೂ ಕೇಳದಿರುವುದು ಅಲ್ಲಿನ ರೂಢಿ. ಕೊಟ್ಟದ್ದೂ ಅಲ್ಲ, ಕದ್ದದ್ದೂ ಅಲ್ಲ. ಅದನ್ನು ಖಾಕಿಯ ಮುಂದೆ ಯಾವ ಮಾತಿನಲ್ಲಿ ಹೇಳುವುದೋ ಅವಳಿಗೆ ತಿಳಿಯಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಅಲ್ಲಿಂದಲೇ ರೇವಣಸಿದ್ದಯ್ಯನಿಗೆ ಫೋನ್ ಮಾಡಿದ. ಅವನು ಅತ್ತಲಿಂದ, “ನಾನು ಯಾರಿಗೂ ಕೋನು ಕೊಟ್ಟಿಲ್ಲ, ಸ್ಟೇಷನ್ನಿಗೆ ಬಂದು ನೋಡ್ತೀನಿ” ಎಂದದ್ದು ತಿಪ್ಪಕ್ಕನಿಗೂ ಕೇಳಿಸಿತು.

ಹೀಗೆ ತಿಪ್ಪಕ್ಕ ಠಾಣೆಯ ಪಡಸಾಲೆಯ ಬೆಂಚಿನ ಮೇಲೆ ಕುಳಿತಳು. ಅವಳ ಪಕ್ಕದಲ್ಲಿ ಒಂದು ಮೂಲೆಗೆ ಆ ಹಸಿರು ಮಿಷನ್ ಇತ್ತು. ಮೈಗೆ ಚೀಟಿ ಅಂಟಿಸಿದ್ದರು. ಇನ್ನೊಂದು ಬದಿಯಲ್ಲಿ ಸಿದ್ದರಾಮೇಶ್ ಗೋಡೆಗೆ ಒರಗಿದ್ದ. “ನಿನ್ನನ್ನೂ ಯಾಕ ತಂದ್ರು ಅಕ್ಕ?” ಎಂದು ಅವನು ಮರುಕದಿಂದ ಕೇಳಿದ. ಅವಳು ಮುಖವನ್ನು ಮಿಷನ್ನಿನ ಕಡೆ ತಿರುಗಿಸಿದಳು. ಯಾರೂ ನೋಡದಿರುವಾಗ ಕೈ ಚಾಚಿ ಮಿಷನ್ನಿನ ಚಕ್ರವನ್ನು ಮುಟ್ಟಿದಳು. ಮೆತ್ತಗೆ ತಿರುಗಿತು. ಇದು ನನ್ನದಾಗಿದ್ದರೆ ಎಂದು ಅಲ್ಲಿ ಕೂಡ, ಆ ಸ್ಥಿತಿಯಲ್ಲಿ ಕೂಡ, ಅವಳಿಗೆ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಗಂಗೋತ್ರಿ ಅಣ್ಣನೊಂದಿಗೆ ಬಂದಳು. ರಾಮಾಂಜಿಯ ಜೊತೆ ವಯಸ್ಸಾದ ಒಬ್ಬ ಹೆಂಗಸಿದ್ದಳು. ಓಬಮ್ಮ ಎಂದು ಹೆಸರು, ಗುಡಿಬಂಡೆಯವಳು. ಗಂಡ ಮಡಕಶಿರಾದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದನಂತೆ, ಕಣ್ಣು ಮಂಜಾಗಿ ಅಂಗಡಿ ಮುಚ್ಚಿದನಂತೆ. ಮಿಷನ್ನನ್ನು ನೋಡಿದ ಕೂಡಲೇ ಅವಳು ಹತ್ತಿರ ಹೋಗಿ ಅದರ ಮೇಜಿನ ಮೇಲೆ ಕೈಯಿಟ್ಟಳು.

“ಇದು ನಮ್ದೇ ಕಣಪ್ಪ. ತಗಡು ತುಕ್ಕಿಡಿದು ಉದುರೋಗಿತ್ತು. ಕೊಡೋವಾಗ ನೋಡೋಕೆ ಚೆಂದಾಗಿರ್ಲಿ ಅಂತ ನಾನೇ ಬಣ್ಣ ಬಳಿದೆ. ಇಗೋ, ಇಸ್ತ್ರಿ ಪೆಟ್ಟಿಗೆ ಮರ್ತಿಟ್ಟು ಸುಟ್ಟ ಕಲೆ.” ಮೇಜಿನ ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು ಕಪ್ಪು ಕಲೆಯಿತ್ತು. ಅವಳ ಮಗಳ ಫೋನಿನಿಂದ ರಾಮಾಂಜಿ ತರಿಸಿಕೊಂಡಿದ್ದ ಫೋಟೋದಲ್ಲಿ, ಓಬಮ್ಮನ ಗಂಡ ಅದೇ ಮೇಜಿನ ಹಿಂದೆ ಕುಳಿತು ನಗುತ್ತಿದ್ದ. ಕಲೆ ಎದ್ದು ಕಾಣುತ್ತಿತ್ತು.

ಠಾಣೆಯ ಎಸ್ಸೈ ಫೋಟೋವನ್ನೂ ಮೇಜನ್ನೂ ನೋಡಿದ. ಅಷ್ಟರಲ್ಲಿ ಬಂದಿದ್ದ ರೇವಣಸಿದ್ದಯ್ಯ, “ಹಾಂಗಾದ್ರ ನಮ್ಮದಲ್ಲ ಬಿಡ್ರಿ” ಎಂದ. ಜಪ್ತಿ ಬರೆದಾಗಿದೆ, ಮಿಷನ್ ಕೋರ್ಟಿನ ಮೂಲಕ ಮನೆಗೆ ಬರುತ್ತದೆ, ಚಿಂತೆ ಬೇಡ ಎಂದು ಎಸ್ಸೈ ಹೇಳಿದ. ಸಿದ್ದರಾಮೇಶನಿಗೆ ಹೋಗು ಎಂದ. ಗಂಗೋತ್ರಿ ಕೈ ಮುಗಿದು ತಿರುಗಿದಳು. ಆಗ ಬೆಂಚಿನ ಮೇಲಿದ್ದ ತಿಪ್ಪಕ್ಕ ಅವಳ ಕಣ್ಣಿಗೆ ಬಿದ್ದಳು.

“ಅಕ್ಕ! ನೀನ್ಯಾಕೆ ಇಲ್ಲಿ?”

ಪೋಲೀಸರು ಚೀಲ ತೋರಿಸಿದರು. ಗಂಗೋತ್ರಿ ಒಂದು ಗಳಿಗೆ ಚೀಲವನ್ನು, ಒಂದು ಗಳಿಗೆ ಸಾಹುಕಾರನನ್ನು ನೋಡಿದಳು. “ಸಾರ್, ಇದನ್ನ ಕಳವು ಅಂದ್ರೆ ನಮ್ಮನೇಗೂ ಬನ್ನಿ, ಅಲ್ಲೂ ಒಂದು ಚೀಲ ಐತೆ. ಓಣೀಲಿ ಎಲ್ಲರ ಮನೇಲೂ ಐತೆ. ಉಳಿದಿದ್ದ ದಾರ ವಾಪಸ್ ತಂದುಕೊಡೋಕೆ ಹೋದ್ರೆ, ಇಟ್ಕಳಮ್ಮ ಅಂತ ಇವ್ರೇ ಅಂದವ್ರೆ. ಅಂದಿಲ್ವಾ ಸಾವ್ಕಾರ್ರೇ? ನನ್ ಮುಖ ನೋಡಿ ಹೇಳಿ.”

ರೇವಣಸಿದ್ದಯ್ಯ ಅವಳ ಮುಖ ನೋಡಲಿಲ್ಲ. ಆದರೆ ಬೆವರು ಒರೆಸಿಕೊಂಡ.

ಹೆಡ್ ಕಾನ್‌ಸ್ಟೇಬಲ್ಲಿಗೆ ಅದು ತಮಾಷೆಯಾಗಿ ಕಂಡಿರಬೇಕು. “ಏನವ್ವ ನೀನು! ನಿನ್ನ ಮಿಷನ್ ನೋಡ್ರಿ ಅಂತ ನಮಗ ಹೇಳಿದಾಕಿನೇ ಇಕಿ. ಇಕಿ ಪರ ಮಾತಾಡಾಕತ್ತೀಯಲ್ಲ!”

ತಿಪ್ಪಕ್ಕ ತಲೆಯೆತ್ತಲಿಲ್ಲ. ಗಂಗೋತ್ರಿಯ ಪಾದಗಳು ಮಾತ್ರ ಕಾಣುತ್ತಿದ್ದವು. ಅವು ಅಲ್ಲಾಡಲಿಲ್ಲ. ಆಮೇಲೆ ಗಂಗೋತ್ರಿಯ ದನಿ ಬಂತು. ಅದರಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ.

“ಅವ್ಳು ಏನ್ ಹೇಳಿದ್ಳೋ ಅದು ನಮ್ಮಿಬ್ಬರಿಗೆ ಸೇರಿದ್ದು ಸಾರ್. ದಾರ ಅವ್ಳು ಕದ್ದಿಲ್ಲ.”

ರೇವಣಸಿದ್ದಯ್ಯ ಗಂಟಲು ಸರಿಮಾಡಿಕೊಂಡು, “ಉಳಿದದ್ದು ಇಟ್ಕೋ ಅಂತ ಅಂದಿರಬೇಕು ಸಾರ್ ನಾನು. ಕೆಲ್ಸದ ಗಡಿಬಿಡ್ಯಾಗ ನೆನಪಿರಲ್ಲ” ಎಂದ. ಎಸ್ಸೈ ಅವನನ್ನು ಗದರಿಸಿ, ಚೀಲವನ್ನು ತಿಪ್ಪಕ್ಕನ ಕಡೆ ಕಾಲಿನಿಂದ ಸರಿಸಿದ.

ಹೊರಗೆ ಯರ್ರಿಸ್ವಾಮಿ ಆಟೋ ತಂದು ನಿಲ್ಲಿಸಿದ್ದ. ಎಲ್ಲರೂ ಹತ್ತಿರಿ ಎಂದು ಕರೆದ. ಗಂಗೋತ್ರಿ, “ನಾವು ನಡ್ಕಂಡು ಹೋಗ್ತೀವಿ” ಎಂದು ಗಂಡ, ಅಣ್ಣ, ಓಬಮ್ಮರನ್ನು ಕರೆದುಕೊಂಡು ಹೊರಟಳು. ಆಟೋದಲ್ಲಿ ತಿಪ್ಪಕ್ಕ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕುಳಿತಳು. ಅವಳಿಗೆ ನಾಚಿಕೆಯಾಗಿತ್ತು, ನಿಜ. ಅದರ ಕೆಳಗೆ ಇನ್ನೊಂದು ಇತ್ತು. ಇಂಥ ಜಾಗದಲ್ಲಿ ನಿಂತು ಇಂಥ ಮಾತಾಡುವ ಎದೆ ಗಂಗೋತ್ರಿಗೆ ಎಲ್ಲಿಂದ ಬಂತು, ನನಗೇಕೆ ಬರಲಿಲ್ಲ ಎಂಬ ಉರಿ. ಮಿಷನ್ನಿನ ಮೇಲಿನ ಹೊಟ್ಟೆಕಿಚ್ಚಿಗಿಂತ ಇದು ಜಾಸ್ತಿ ಸುಟ್ಟಿತು.

“ನೀನೇ ಹೇಳಿದ್ದೇನು?” ಎಂದು ಯರ್ರಿಸ್ವಾಮಿ ಕನ್ನಡಿಯಲ್ಲಿ ನೋಡುತ್ತ ಕೇಳಿದ.

“ಹೂಂ.”

ಅವನು ಬಯ್ಯಲಿಲ್ಲ. ಇಳಿಯುವಾಗ ಚೀಲವನ್ನು ಅವನೇ ಎತ್ತಿ ಒಳಗಿಟ್ಟ.

ರೇವಣಸಿದ್ದಯ್ಯನ ಎರಡು ಮಿಷನ್ನುಗಳನ್ನು ಯಾರು ಒಯ್ದರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಹಸಿರು ಮಿಷನ್ ಮಾತ್ರ ಕೋರ್ಟಿನಿಂದ ಮನೆಗೆ ಬಂತು. ಗಂಗೋತ್ರಿ ರೇವಣಸಿದ್ದಯ್ಯನ ಕೆಲಸ ಬಿಟ್ಟು ಬಳ್ಳಾರಿಯ ಒಬ್ಬ ವ್ಯಾಪಾರಿಯಿಂದ ನೇರವಾಗಿ ಬಂಡಲ್ ತರಿಸಿಕೊಂಡಳು. ಮನೆ ಸಾಲದೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಶೆಡ್ಡು ಬಾಡಿಗೆಗೆ ಹಿಡಿದಳು. ಇನ್ನಷ್ಟು ಮಿಷನ್ನುಗಳು ಬಂದವು. ಗಂಗೋತ್ರಿಯ ಸಂಸಾರವೂ ಅತ್ತ ಹೋಗಿ, ಎದುರುಮನೆಗೆ ಹೂವು ಕಟ್ಟುವವರು ಬಂದರು. ಸದ್ದಿಲ್ಲದ ಜನ. ತಿಪ್ಪಕ್ಕನ ಹೊಟ್ಟೆಯೊಳಗಿನ ಸದ್ದು ಮಾತ್ರ ನಿಲ್ಲಲಿಲ್ಲ. ಕಾರ್ಖಾನೆಗೆ ಹೋಗುವಾಗ ಅವಳು ಸುತ್ತು ಬಳಸಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲೇ ಹೋಗುತ್ತಿದ್ದಳು. ಶೆಡ್ಡಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡುತ್ತಿದ್ದಳು. ಓಣಿಯಲ್ಲಿ ತನ್ನ ಜೊತೆ ಕೂರುತ್ತಿದ್ದವರ ಚಪ್ಪಲಿಗಳೆಲ್ಲ ಅಲ್ಲೇ ಇರುತ್ತಿದ್ದವು.

ಯುಗಾದಿ ಕಳೆದ ಮೇಲೆ ರೇವಣಸಿದ್ದಯ್ಯನ ಕೆಲಸ ಕಡಿಮೆಯಾಯಿತು. ಬೆಲ್ಟುಗಳಿರಲಿ, ಜೇಬುಗಳು ಬರುವುದೂ ನಿಂತಿತು. ಒಂದು ಬೆಳಗ್ಗೆ ತಿಪ್ಪಕ್ಕ ಆ ಶೆಡ್ಡಿನ ಬಾಗಿಲಲ್ಲಿ ತನ್ನ ಚಪ್ಪಲಿಯನ್ನೂ ಬಿಟ್ಟು ಒಳಗೆ ಹೋದಳು. ಹೊಲಿಯುತ್ತಿದ್ದವರೆಲ್ಲ ಮಿಷನ್ ನಿಲ್ಲಿಸಿ ನೋಡಿದರು.

“ಕೆಲ್ಸ ಐತೇನು?” ಎಂದಳು. ಕ್ಷಮಿಸು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಅಷ್ಟೇ.

ಗಂಗೋತ್ರಿ ಅವಳನ್ನು ನೋಡಿದಳು. ಮೊದಲಿನಂತೆ ಎದ್ದು ಬಂದು ಕೈ ಹಿಡಿಯಲಿಲ್ಲ. ಮೈಯೂ ಸ್ವಲ್ಪ ತುಂಬಿತ್ತು, ದನಿಯೂ ಸ್ವಲ್ಪ ಗಟ್ಟಿಯಾಗಿತ್ತು. ಆಮೇಲೆ ಕಿಟಕಿಯ ಹತ್ತಿರ ಖಾಲಿಯಿದ್ದ ಒಂದು ಪವರ್ ಮಿಷನ್ ತೋರಿಸಿದಳು. “ಬೆಲ್ಟು ಐತೆ. ಎಲ್ಲರಿಗೂ ಕೊಡೋ ರೇಟೇ ಕೊಡೋದು.”

“ಆತು” ಎಂದು ತಿಪ್ಪಕ್ಕ ಕುಳಿತಳು.

ಮಿಷನ್ ಓಡಿಸುವುದಕ್ಕೆ ಅವಳು ಕೆಲವು ದಿನ ಒದ್ದಾಡಿದಳು, ಆಮೇಲೆ ಅದು ಕೈಗೆ ಬಂತು. ಹೊಟ್ಟೆಕಿಚ್ಚು ಹೋಯಿತೆಂದು ಹೇಳಿದರೆ ಸುಳ್ಳಾದೀತು. ವ್ಯಾಪಾರಿ ಬಂದು ಗಂಗೋತ್ರಿಗೆ ನಮಸ್ಕಾರ ಹಾಕಿದಾಗ, ಸಿದ್ದರಾಮೇಶ್ ಮಧ್ಯಾಹ್ನ ಬುತ್ತಿ ತಂದಾಗ, ಬೆಲ್ಟಿನ ಮೇಲಿದ್ದ ತಿಪ್ಪಕ್ಕನ ಕಣ್ಣು ಅತ್ತ ಹೋಗುತ್ತದೆ. ಕಣ್ಣು ಹೋಯಿತೆಂದು ಅವಳಿಗೇ ಗೊತ್ತಾಗುತ್ತದೆ, ಮತ್ತೆ ಇತ್ತ ತರುತ್ತಾಳೆ. ಬೆಳಗ್ಗೆ ಎದ್ದು ಶೆಡ್ಡಿಗೆ ಬರುವುದನ್ನು ಮಾತ್ರ ತಪ್ಪಿಸುವುದಿಲ್ಲ.

ಮೊನ್ನೆ ಗಂಗೋತ್ರಿ ಮುಗಿದ ಪ್ಯಾಂಟುಗಳನ್ನು ನೋಡುತ್ತ ಬಂದು ತಿಪ್ಪಕ್ಕನ ರಾಶಿಯಿಂದ ಒಂದನ್ನು ತೆಗೆದಳು. ಬೆಳಕಿಗೆ ಹಿಡಿದಳು. “ಇದು ಎಡಗಡೆ ಎಳ್ಕಂಡೈತೆ. ಬಿಚ್ಚಿ ಹಾಕು.”

ಅಕ್ಕಪಕ್ಕದವರ ಮುಂದೆ ಹೇಳಿದಳಲ್ಲ ಎಂದು ತಿಪ್ಪಕ್ಕನ ಮೈ ಉರಿಯಿತು. ಪ್ಯಾಂಟ್ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿಸಿದಳು. ಎಡಕ್ಕೆ ಎಳೆದುಕೊಂಡಿತ್ತು. ಬಾಯಲ್ಲಿ ಏನೋ ಗೊಣಗುತ್ತಾ, ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚತೊಡಗಿದಳು.